ಟಂಗ್‌ಸ್ಟನ್ ಎಲೆಕ್ಟ್ರೋಡಿನ ಸಾಣೆ

ಟಿಗ್ ಬೆಸುಗೆಯಲ್ಲಿ ಬಳಸುವ ಟಂಗ್‌ಸ್ಟನ್ ಕಡ್ಡಿಯ ತುದಿಯನ್ನು ತೇಯ್ದು ಗೊತ್ತಾದ ಕೋನದ ಮೊನೆ ಮಾಡುವ ಕೆಲಸ. ಈ ಬೆಸುಗೆಗೆ ಬೆಂಗಳೂರಿನ ವರ್ಕ್‌ಶಾಪುಗಳಲ್ಲಿ ಆರ್ಗಾನ್ ವೆಲ್ಡಿಂಗ್ ಎಂದೇ ಹೆಸರು. ಸಾಮಾನ್ಯ ವೆಲ್ಡಿಂಗಿನಲ್ಲಿ ಕಡ್ಡಿಯೇ ಕರಗಿ ಜೋಡಣೆಗೆ ಸೇರುತ್ತದೆ. ಇಲ್ಲಿ ಹಾಗಲ್ಲ. ಟಂಗ್‌ಸ್ಟನ್ ಕರಗದೆ ಉಳಿದು ತನ್ನ ತುದಿಯಿಂದ ಆರ್ಕ್ ಹೊರಡಿಸುತ್ತದೆ; ಸುತ್ತ ಹರಿಯುವ ಆರ್ಗಾನ್ ಅನಿಲ ಗಾಳಿ ತಾಗದಂತೆ ಕಾಯುತ್ತದೆ. ಆರ್ಕ್ ಎಲ್ಲಿ ನಿಲ್ಲಬೇಕು, ಎಷ್ಟು ಅಗಲ ಹರಡಬೇಕು, ಲೋಹದೊಳಕ್ಕೆ ಎಷ್ಟು ಆಳ ಇಳಿಯಬೇಕು ಎಂಬುದೆಲ್ಲ ಬಹುಮಟ್ಟಿಗೆ ಆ ತುದಿಯ ಆಕಾರದ ಮೇಲೆ ನಿಂತಿದೆ. ಹೀಗಾಗಿ ಸಾಣೆಯನ್ನು ಬೆಸುಗೆಯ ಪೂರ್ವಸಿದ್ಧತೆ ಎನ್ನುವುದಕ್ಕಿಂತ ಬೆಸುಗೆಯ ಮೊದಲ ಹೆಜ್ಜೆ ಎನ್ನುವುದೇ ಸರಿ.

ದಕ್ಷಿಣ ಬೆಂಗಳೂರಿನಲ್ಲಿ ಈ ಬೆಸುಗೆಯ ಕೆಲಸ ಮನೆಗಳ ಮಗ್ಗುಲಲ್ಲೇ ನಡೆಯುತ್ತದೆ. ಜೆ.ಪಿ. ನಗರ 3ನೇ ಹಂತದ ಸಾರಕ್ಕಿ ಕೈಗಾರಿಕಾ ಬಡಾವಣೆಯಲ್ಲಿ, ಬನಶಂಕರಿ ಮತ್ತು ಕೋಣನಕುಂಟೆ ಕಡೆಯ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಗೇಟು, ಮೆಟ್ಟಿಲಿನ ಕಟಕಟೆ, ಹೋಟೆಲ್ ಅಡುಗೆಮನೆಯ ಸಾಮಾನು ತಯಾರಾಗುತ್ತವೆ. 1980ರ ದಶಕದಲ್ಲಿ ಜಯನಗರ, ಬಸವನಗುಡಿಗಳಲ್ಲಿ ಶುರುವಾಗಿ ಊರೆಲ್ಲ ಹಬ್ಬಿದ ದರ್ಶಿನಿ ಹೋಟೆಲುಗಳಿಗೆ ಇಡ್ಲಿ ಸ್ಟೀಮರು, ತೊಳೆಯುವ ಸಿಂಕು, ನಿಂತು ತಿನ್ನುವ ಟೇಬಲ್ಲು ಎಲ್ಲವೂ ತೆಳು ಎಸ್‌ಎಸ್ ತಗಡಿನವೇ ಬೇಕು. ಡೈರಿ ಸರ್ಕಲ್ಲಿಗೆ ಆ ಹೆಸರು ತಂದ ಬೆಂಗಳೂರು ಡೈರಿಯಂಥ ಕಡೆ ಹಾಲು ಹರಿಯುವ ಕೊಳವೆಗಳ ಜೋಡಣೆ ಇನ್ನೂ ನಾಜೂಕು. ಬೆಸುಗೆಯ ಒಳಮೈಯಲ್ಲಿ ಸಣ್ಣ ಸಂದು ಉಳಿದರೂ ಹಾಲು ಅಲ್ಲಿ ಕೂತು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬೊಮ್ಮಸಂದ್ರ, ಜಿಗಣಿಯ ಔಷಧ ಕಾರ್ಖಾನೆಗಳ ಕೊಳವೆಗಳಿಗೂ ಇದೇ ಕಟ್ಟುನಿಟ್ಟು.

1941ರಲ್ಲಿ ಅಮೆರಿಕದ ನಾರ್ತ್ರಾಪ್ ವಿಮಾನ ಕಂಪನಿಯ ರಸೆಲ್ ಮೆರೆಡಿತ್ ಮೆಗ್ನೀಸಿಯಂ ಭಾಗಗಳನ್ನು ಬೆಸೆಯಲು ಟಂಗ್‌ಸ್ಟನ್ ಕಡ್ಡಿ ಮತ್ತು ಹೀಲಿಯಂ ಅನಿಲವನ್ನು ಜೊತೆಗೂಡಿಸಿ ಈ ಬೆಸುಗೆಯನ್ನು ರೂಪಿಸಿದರು. ಅಗ್ಗವಾದ ಆರ್ಗಾನ್ ಆಮೇಲೆ ಬಂತು. ಟಂಗ್‌ಸ್ಟನ್‌ನ ದ್ರವನಬಿಂದು 3,422 ಡಿಗ್ರಿ ಸೆಲ್ಸಿಯಸ್, ಲೋಹಗಳಲ್ಲೆಲ್ಲ ಅತಿ ಹೆಚ್ಚು. ಇದರ ಅದಿರುಗಳಲ್ಲಿ ಒಂದಾದ ಷೀಲೈಟ್ ನಮ್ಮ ಕೋಲಾರದ ಚಿನ್ನದ ಗಣಿಗಳ ಬಂಡೆಯಲ್ಲೂ ಇದೆ. ಶುದ್ಧ ಟಂಗ್‌ಸ್ಟನ್‌ಗೆ ಥೋರಿಯಂ, ಲ್ಯಾಂಥನಮ್ ಅಥವಾ ಸೀರಿಯಂ ಆಕ್ಸೈಡನ್ನು ಶೇ. 1ರಿಂದ 2ರಷ್ಟು ಬೆರೆಸಿದರೆ ಎಲೆಕ್ಟ್ರಾನುಗಳು ಸುಲಭವಾಗಿ ಹೊರಡುತ್ತವೆ, ಆರ್ಕ್ ಬೇಗ ಹತ್ತುತ್ತದೆ, ಮೊನೆ ಹೆಚ್ಚು ಕಾಲ ಬಾಳುತ್ತದೆ. ಯಾವ ಕಡ್ಡಿಯಲ್ಲಿ ಏನಿದೆ ಎಂದು ಒಂದು ತುದಿಯ ಬಣ್ಣ ಹೇಳುತ್ತದೆ. ಐಎಸ್‌ಒ 6848 ಮಾನಕದಂತೆ ಹಸಿರು ಶುದ್ಧ ಟಂಗ್‌ಸ್ಟನ್, ಕೆಂಪು ಶೇ. 2 ಥೋರಿಯಂ, ಚಿನ್ನದ ಬಣ್ಣ ಶೇ. 1.5 ಲ್ಯಾಂಥನಮ್, ನೀಲಿ ಶೇ. 2 ಲ್ಯಾಂಥನಮ್, ಬೂದು ಶೇ. 2 ಸೀರಿಯಂ. ಆದ್ದರಿಂದ ಸಾಣೆ ಹಿಡಿಯಬೇಕಾದದ್ದು ಬಣ್ಣವಿಲ್ಲದ ತುದಿಯನ್ನು. ಬಣ್ಣ ತೇಯ್ದುಹೋದ ಕಡ್ಡಿಯನ್ನು ಆಮೇಲೆ ಯಾರೂ ಗುರುತಿಸಲಾರರು.

ಮೊನೆಯ ಅಳತೆಗೆ ವರ್ಕ್‌ಶಾಪಿನ ಲೆಕ್ಕ ಸರಳ. ಶಂಕುವಿನ ಉದ್ದ ಕಡ್ಡಿಯ ವ್ಯಾಸದ ಎರಡರಿಂದ ಎರಡೂವರೆ ಪಟ್ಟು ಇರಬೇಕು, ಅಂದರೆ 1.6 ಮಿ.ಮೀ. ಕಡ್ಡಿಗೆ ಸುಮಾರು 4 ಮಿ.ಮೀ. ಇದರಿಂದ 20ರಿಂದ 30 ಡಿಗ್ರಿಯೊಳಗಿನ ಕೋನ ಬರುತ್ತದೆ. ಕೋನ ಕಿರಿದಾದಷ್ಟೂ ಬೆಸುಗೆ ಆಳಕ್ಕೆ ಇಳಿಯುತ್ತದೆ ಎಂದು ಅನೇಕರು ನಂಬಿದ್ದಾರೆ; ನಿಜಸ್ಥಿತಿ ಅದಕ್ಕೆ ವಿರುದ್ಧ. ಸೂಜಿಯಂಥ ಮೊನೆಯಿಂದ ಆರ್ಕ್ ಗಂಟೆಯಾಕಾರದಲ್ಲಿ ಅಗಲವಾಗಿ ಹರಡಿ ಮೇಲ್ಮೈಯನ್ನೇ ಹೆಚ್ಚು ಕಾಯಿಸುತ್ತದೆ. 60 ಡಿಗ್ರಿ ಅಥವಾ ಅದಕ್ಕೂ ಮೊಂಡಾದ ಮೊನೆಯಿಂದ ಆರ್ಕ್ ಕಿರಿದಾಗಿ, ಆಳಕ್ಕೆ ಇಳಿಯುತ್ತದೆ. ಸಿಂಕಿನ ತೆಳು ತಗಡಿಗೆ ಕಡಿಮೆ ಆಂಪಿಯರಿನಲ್ಲಿ ತಟ್ಟನೆ ಹತ್ತಿ ಅಲುಗಾಡದೆ ನಿಲ್ಲುವ ಆರ್ಕ್ ಬೇಕಾದ್ದರಿಂದ ಅಲ್ಲಿ ಚೂಪು ಮೊನೆಯೇ ಸರಿ. ದಪ್ಪ ಪ್ಲೇಟಿಗೆ ಕೋನ ಹೆಚ್ಚಿಸಬೇಕು. ಎರಡರಲ್ಲೂ ತುತ್ತತುದಿಯನ್ನು ಹಾಗೇ ಬಿಡದೆ 0.1ರಿಂದ 0.5 ಮಿ.ಮೀ.ವರೆಗೆ ಚಪ್ಪಟೆ ಮಾಡುತ್ತಾರೆ. ಇಲ್ಲದಿದ್ದರೆ ಹೆಚ್ಚು ಕರೆಂಟಿಗೆ ಆ ಚೂರು ಕರಗಿ ಬೆಸುಗೆಯೊಳಗೆ ಬೀಳುತ್ತದೆ. ಟಂಗ್‌ಸ್ಟನ್‌ನ ಸಾಂದ್ರತೆ ಘನ ಸೆಂ.ಮೀ.ಗೆ 19.3 ಗ್ರಾಂ, ಉಕ್ಕಿನದು ಸುಮಾರು 7.9 ಗ್ರಾಂ. ಹಾಗಾಗಿ ಬಿದ್ದ ಚೂರು ಎಕ್ಸ್‌ರೇ ಫಿಲ್ಮಿನಲ್ಲಿ ಬಿಳಿ ಚುಕ್ಕೆಯಾಗಿ ಎದ್ದು ಕಾಣುತ್ತದೆ, ಆ ಜೋಡಣೆ ತಿರಸ್ಕೃತವಾಗಬಹುದು.

ತೇಯುವ ದಿಕ್ಕು ಎಲ್ಲಕ್ಕಿಂತ ಮುಖ್ಯ. ಗೀರುಗಳು ಕಡ್ಡಿಯ ಉದ್ದಕ್ಕೆ, ಬುಡದಿಂದ ಮೊನೆಯ ಕಡೆಗೆ ಓಡಬೇಕು. ಪೆನ್ಸಿಲ್ ಮೆಂಡರಿನಲ್ಲಿ ತಿರುಗಿಸಿದಂತೆ ಸುತ್ತ ಗೀರು ಬಿದ್ದರೆ ಆರ್ಕ್ ಆ ಬಳೆಗಳಂಥ ಏಣುಗಳಲ್ಲಿ ಸಿಕ್ಕಿ ಅತ್ತಿತ್ತ ಓಲಾಡುತ್ತದೆ. ಕಡ್ಡಿಯನ್ನು ಕಲ್ಲಿನ ಮುಖಕ್ಕೆ ಅಡ್ಡ ಹಿಡಿಯದೆ, ಕಲ್ಲು ತಿರುಗುವ ದಿಕ್ಕಿಗೆ ಸಾಲಾಗಿ ಹಿಡಿದು ಬೆರಳಲ್ಲಿ ನಿಧಾನವಾಗಿ ಹೊರಳಿಸಬೇಕು. ಕೈಯಲ್ಲಿ ಸಮವಾಗಿ ಹೊರಳಿಸಲು ಬಾರದವರು ಕಡ್ಡಿಯನ್ನು ಡ್ರಿಲ್ ಮೆಷಿನ್ನಿನ ಚಕ್ಕಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಇದು ಒಳ್ಳೆಯ ಉಪಾಯ, ಆದರೆ ವೇಗ ತೀರ ಕಡಿಮೆ ಇರಬೇಕು. ಸಾಮಾನ್ಯ ಗ್ರೈಂಡಿಂಗ್ ಕಲ್ಲಿನ ಪಕ್ಕದ ಮೈ ಒತ್ತಡಕ್ಕಾಗಿ ಮಾಡಿದ್ದಲ್ಲ. ಅಲ್ಲಿ ಒತ್ತಿದರೆ ಕಲ್ಲು ಒಡೆಯಬಹುದು. ಕಡ್ಡಿ ಊರುವ ರೆಸ್ಟಿಗೂ ಕಲ್ಲಿಗೂ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದಿದ್ದರೆ ಕಡ್ಡಿ ಒಳಕ್ಕೆ ಎಳೆದುಕೊಂಡು ಹೋಗುವ ಅಪಾಯವಿದೆ.

ಕಲ್ಲುಗಳಲ್ಲಿ ವಜ್ರದ ಪುಡಿ ಲೇಪಿಸಿದ ಚಕ್ರಕ್ಕೆ ಮೊದಲ ಸ್ಥಾನ. ಬೆಲೆ ಹೆಚ್ಚಾದರೂ ನುಣುಪಾಗಿ ತೇಯುತ್ತದೆ, ಬೇಗ ಸವೆಯುವುದಿಲ್ಲ. ಅದಿಲ್ಲದ ಕಡೆ ಲೇತ್‌ನ ವಿಡಿಯಾ (ಕಾರ್ಬೈಡ್) ಟೂಲುಗಳಿಗೆ ಬಳಸುವ ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲು ನಡೆಯುತ್ತದೆ. ಕೊನೆಯ ನುಣುಪಿಗೆ 200 ಅಥವಾ ಅದಕ್ಕಿಂತ ನಯವಾದ ಗ್ರಿಟ್ ಬೇಕು. ಆದರೆ ಕಲ್ಲು ಯಾವುದೇ ಇರಲಿ, ಅದು ಟಂಗ್‌ಸ್ಟನ್‌ಗೆ ಮಾತ್ರ ಮೀಸಲಾಗಿರಬೇಕು. ಒಂದೇ ಬೆಂಚ್ ಗ್ರೈಂಡರಿನಲ್ಲಿ ಬೆಳಿಗ್ಗೆ ಕಬ್ಬಿಣದ ಆಂಗಲ್, ಮಧ್ಯಾಹ್ನ ಅಲ್ಯೂಮಿನಿಯಂ, ಸಂಜೆ ಟಂಗ್‌ಸ್ಟನ್ ತೇಯುವ ಶೆಡ್ಡಿನಲ್ಲಿ ಕಲ್ಲಿನ ರಂಧ್ರಗಳಲ್ಲಿ ಕೂತ ಲೋಹವೆಲ್ಲ ಮೊನೆಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಆರ್ಕ್ ಚಿಟಿಚಿಟಿ ಎಂದರೆ ಬೈಗುಳ ಮೆಷಿನ್ನಿಗೂ ಗ್ಯಾಸಿಗೂ ಬೀಳುತ್ತದೆ. ಸಣ್ಣ ಅಂಗಡಿಗಳಲ್ಲಿ ತೀರ ಸುಲಭವಾಗಿ ನೀಗಬಹುದಾದ ದೋಷ ಇದೇ.

ಬೆಸೆಯುವಾಗ ಮೊನೆ ಕರಗಿದ ಲೋಹಕ್ಕೆ ತಾಗಿದರೆ ಮೇಲುಮೇಲೆ ತೇಯ್ದು ಪ್ರಯೋಜನವಿಲ್ಲ. ಕೆಟ್ಟ ಭಾಗವನ್ನು ಪೂರ್ತಿ ತೆಗೆಯಬೇಕು. ಇಕ್ಕಳದಲ್ಲಿ ಮುರಿಯುವುದು ರೂಢಿ, ಆದರೆ ಟಂಗ್‌ಸ್ಟನ್ ಪೆಡಸು ಲೋಹ. ಒಳಗೆ ಉದ್ದಕ್ಕೂ ಸೀಳು ಬಿಡಬಹುದು. ವಜ್ರದ ತೆಳು ಬಿಲ್ಲೆಯಲ್ಲಿ ಕತ್ತರಿಸುವುದು ಸುರಕ್ಷಿತ. ಮೊನೆ ನೀಲಿಗಟ್ಟಿದ್ದರೆ ಆರ್ಕ್ ಆರಿದ ಮೇಲೆ ಆರ್ಗಾನ್ ಸಾಕಷ್ಟು ಹೊತ್ತು ಹರಿದಿಲ್ಲ ಎಂದರ್ಥ. 10 ಆಂಪಿಯರಿಗೆ 1 ಸೆಕೆಂಡಿನಂತೆ ಹರಿಯಲು ಬಿಟ್ಟರೆ ಮತ್ತೆ ಮತ್ತೆ ಸಾಣೆ ಹಿಡಿಯುವ ಶ್ರಮ ಉಳಿಯುತ್ತದೆ.

ಅಲ್ಯೂಮಿನಿಯಂಗೆ ಎಸಿ ಕರೆಂಟ್ ಬಳಸುತ್ತಾರೆ. ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್ನುಗಳಲ್ಲಿ ಹಸಿರು ಕಡ್ಡಿಯ ತುದಿ ತಾನೇ ಗುಂಡಾಗುತ್ತಿತ್ತು, ಸಾಣೆ ಬೇಕಿರಲಿಲ್ಲ. ಈಗಿನ ಇನ್ವರ್ಟರ್ ಮೆಷಿನ್ನುಗಳಿಗೆ ಲ್ಯಾಂಥನಮ್ ಕಡ್ಡಿಯನ್ನು ಚೂಪು ಮಾಡಿ ತುದಿ ಚಪ್ಪಟೆ ಮಾಡಿದರೆ ಆರ್ಕ್ ಹೆಚ್ಚು ಹಿಡಿತದಲ್ಲಿರುತ್ತದೆ.

ಕಲ್ಲಿಲ್ಲದೆಯೂ ಮೊನೆ ಮಾಡಬಹುದು. ಕೆಂಪಗೆ ಕಾದ ಕಡ್ಡಿಯನ್ನು ಸೋಡಿಯಂ ನೈಟ್ರೈಟ್‌ನಂಥ ಲವಣದ ಪುಡಿಗೆ ಅದ್ದಿದರೆ ಟಂಗ್‌ಸ್ಟನ್ ಉತ್ಕರ್ಷಿಸಿ ಸವೆದು ಸಮವಾದ ಮೊನೆ ಉಳಿಯುತ್ತದೆ. ಹೊಗೆ ವಿಷಕಾರಿ, ಮುಚ್ಚಿದ ಶೆಡ್ಡಿಗೆ ತಕ್ಕದ್ದಲ್ಲ. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ವಿದ್ಯುತ್ ಹಾಯಿಸಿ ಕರಗಿಸುವ ವಿಧಾನ ಪ್ರಯೋಗಾಲಯಗಳದು. 1981ರಲ್ಲಿ ಬಂದ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದ ಅತಿಸೂಕ್ಷ್ಮ ಮೊನೆಗಳು ಹೀಗೆ ತಯಾರಾಗುತ್ತವೆ. ಕೋನ ನಿಗದಿಪಡಿಸಿ, ಧೂಳನ್ನು ಒಳಗೇ ಹಿಡಿದಿಡುವ ಪ್ರತ್ಯೇಕ ಗ್ರೈಂಡರುಗಳೂ ಸಿಗುತ್ತವೆ. ಡೈರಿ, ಔಷಧ ಕೊಳವೆಗಳ ಕೆಲಸ ಹಿಡಿದವರಿಗೆ ಇಂಥ ಗ್ರೈಂಡರ್ ಅಗತ್ಯವೇ ಸರಿ.

ಧೂಳಿನ ವಿಚಾರವನ್ನು ಹಗುರವಾಗಿ ಕಾಣುವಂತಿಲ್ಲ. ಕೆಂಪು ಕಡ್ಡಿಯ ಥೋರಿಯಂ ವಿಕಿರಣಶೀಲ ಧಾತು. ಅದರ ಅರ್ಧಾಯುಷ್ಯ ಸುಮಾರು 1,400 ಕೋಟಿ ವರ್ಷ. ಅದು ಹೊಮ್ಮಿಸುವ ಆಲ್ಫಾ ಕಣಗಳನ್ನು ಚರ್ಮವೇ ತಡೆಯುತ್ತದೆ, ಹಾಗಾಗಿ ಕಡ್ಡಿಯನ್ನು ಕೈಯಲ್ಲಿ ಹಿಡಿದರೆ, ಪೆಟ್ಟಿಗೆಯಲ್ಲಿಟ್ಟರೆ ಭಯವಿಲ್ಲ. ತೇಯ್ದಾಗ ಏಳುವ ಪುಡಿ ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ ಅಲ್ಲಿ ಚರ್ಮದ ತಡೆ ಇಲ್ಲ. ನೆಲಮಹಡಿಯಲ್ಲಿ ಶೆಡ್ಡು, ಮೇಲೆ ಸಂಸಾರ ಇರುವ ಬಡಾವಣೆಗಳಲ್ಲಿ ಈ ಧೂಳನ್ನು ಪೊರಕೆಯಿಂದ ಗುಡಿಸಿ ಎಬ್ಬಿಸಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಸಾಣೆ ಹಿಡಿಯುವವರು ಕಣ್ಣಿಗೆ ಕನ್ನಡಕ, ಮುಖಕ್ಕೆ ಎನ್95 ಮಾಸ್ಕ್ ಹಾಕಬೇಕು. ಊಟದ ಡಬ್ಬಿ ಗ್ರೈಂಡರಿನ ಹತ್ತಿರ ಇರಬಾರದು. ಚಿನ್ನದ ಬಣ್ಣದ ಅಥವಾ ನೀಲಿ ತುದಿಯ ಲ್ಯಾಂಥನಮ್ ಕಡ್ಡಿಗಳು ಅದೇ ಕೆಲಸವನ್ನು ವಿಕಿರಣದ ಅಪಾಯವಿಲ್ಲದೆ ಮಾಡುತ್ತವೆ. ಮುಂದಿನ ಸಲ ಹತ್ತು ಕಡ್ಡಿಯ ಪೆಟ್ಟಿಗೆ ಕೊಳ್ಳುವಾಗ ಅಂಗಡಿಯವರನ್ನು ಅವನ್ನೇ ಕೇಳಿ.