ಅಸಲು ಮತ್ತು ಬಡ್ಡಿ

ಕೊರೋನಾ ಹಬ್ಬಿದ್ದ 2020ನೆಯ ಇಸವಿಯ ಡಿಸೆಂಬರಿನ ಮಾತು. ಅಮೆರಿಕದಲ್ಲಿ ನೆಲಸಿರುವ ನನ್ನ ಹಳೆಯ ಶಿಷ್ಯನೊಬ್ಬ ದೂರವಾಣಿಯಲ್ಲಿ ಕ್ಷೇಮಸಮಾಚಾರ ವಿಚಾರಿಸುತ್ತ, ತನ್ನ ನೆರೆಮನೆಯ ಮುದುಕರಿಗೆ ಆಗಾಗ ‘ಬಡ್ಡಿ ಚೆಕ್’ ಬರುತ್ತದೆ, ಅದರಿಂದಲೇ ಅವರು ಗೆಲುವಾಗಿದ್ದಾರೆ ಎಂದ. “ಪುಣ್ಯವಂತರು. ಅಸಲು ಎಷ್ಟಂತೆ?” ಎಂದು ಕೇಳಿದೆ. ಅವನು ನಕ್ಕುಬಿಟ್ಟ. “ಬ್ಯಾಂಕಿನ ಬಡ್ಡಿಯಲ್ಲ, ಮೇಷ್ಟ್ರೇ. ಬಡ್ಡಿ ಎಂದರೆ ಇಲ್ಲಿ ಸಂಗಡಿಗ. ಅವರು ಹಳೆಯ ಸಿಪಾಯಿ. ಒಬ್ಬ ಮಾಜಿ ಸೈನಿಕ ಇನ್ನೊಬ್ಬನಿಗೆ ಫೋನು ಮಾಡಿ ಯೋಗಕ್ಷೇಮ ಕೇಳುವುದಕ್ಕೆ ಆ ಹೆಸರು” ಎಂದ. ಕನ್ನಡದ ಅಧ್ಯಾಪಕನ ಇಂಗ್ಲಿಷು ಇಲ್ಲಿ ಮುಗ್ಗರಿಸಿದ್ದು ಸಹಜವೇ. ಆದರೆ ಆ ಸೈನಿಕರ ಸಂಘದ ಚರಿತ್ರೆಯನ್ನು ಓದುತ್ತ ಹೋದಂತೆ, ನನ್ನ ತಪ್ಪು ಅಷ್ಟೇನೂ ತಪ್ಪಲ್ಲವೆನಿಸಿತು.

ಸಂಘದ ಹೆಸರು ಅಮೆರಿಕನ್ ಲೀಜನ್. ಮೊದಲನೆಯ ಮಹಾಯುದ್ಧ ನಿಂತ ಮೇಲೆ, 1919ರ ಮಾರ್ಚ್ ತಿಂಗಳಲ್ಲಿ, ಇನ್ನೂ ಊರಿಗೆ ಹಿಂದಿರುಗದಿದ್ದ ಅಮೆರಿಕನ್ ಯೋಧರು ಪ್ಯಾರಿಸ್ಸಿನಲ್ಲಿ ಸೇರಿ ಅದಕ್ಕೆ ಅಸ್ತಿಭಾರ ಹಾಕಿದರು. ಅವರು ಎರಡು ಮೃತ್ಯುಗಳ ಬಾಯಿಂದ ಪಾರಾಗಿ ಬಂದವರು. ರಣರಂಗದಲ್ಲಿ ಮಡಿದ ಅಮೆರಿಕನ್ನರು ಸುಮಾರು 53,000. ಇನ್‌ಫ್ಲುಯೆಂಜಾ, ಅದರ ಬೆನ್ನಿಗೇ ಬರುತ್ತಿದ್ದ ನ್ಯುಮೋನಿಯಾ ಇವೆರಡೂ ಆ ದೇಶದ ಭೂಸೈನ್ಯದಿಂದ ಬಲಿ ತೆಗೆದುಕೊಂಡವರು ಸುಮಾರು 45,000. ಇವರಲ್ಲಿ ಎಷ್ಟೋ ಮಂದಿ ಶತ್ರುವಿನ ಮುಖವನ್ನೇ ಕಾಣದೆ ಶಿಬಿರದ ಮಂಚದ ಮೇಲೆ ಸತ್ತರು. ಪಕ್ಕದ ಮಂಚದವನು ಉಳಿದ. ಉಳಿದವನಿಗೆ ಸತ್ತವನ ಋಣ ತಪ್ಪಿದ್ದಲ್ಲ.

ಐವತ್ತೇಳು ವರ್ಷಗಳು ಕಳೆದ ಮೇಲೆ, 1976ರ ಜುಲೈಯಲ್ಲಿ, ಪೆನ್ಸಿಲ್ವೇನಿಯಾ ಪ್ರಾಂತದ ಲೀಜನ್ ಸದಸ್ಯರು ಫಿಲಡೆಲ್ಫಿಯಾದ ಬೆಲ್‌ವ್ಯೂ ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಸಮ್ಮೇಳನ ನಡೆಸಿದರು. ಊರಿಗೆ ಮರಳಿದ ಮೇಲೆ ಒಬ್ಬೊಬ್ಬರಾಗಿ ಜ್ವರ ಹಿಡಿದು ಮಲಗಿದರು. ಆ ವ್ಯಾಧಿ 221 ಮಂದಿಗೆ ತಗಲಿ, 34 ಮಂದಿಯನ್ನು ಕೊಂದಿತು. ತಿಂಗಳುಗಟ್ಟಲೆ ಕಾರಣ ತಿಳಿಯಲಿಲ್ಲ. ಕೊನೆಗೆ ಕ್ರಿಸ್ಮಸ್ ರಜೆಯ ದಿನಗಳಲ್ಲಿ ಜೋಸೆಫ್ ಮೆಕ್‌ಡೇಡ್ ಎಂಬ ವಿಜ್ಞಾನಿ, ಹಿಂದೆ ನೋಡಿ ಬದಿಗಿಟ್ಟಿದ್ದ ಗಾಜಿನ ಫಲಕಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಮತ್ತೆ ಇಟ್ಟು ಹುಡುಕಿದ. 1977ರ ಜನವರಿಯಲ್ಲಿ ಅಪರಾಧಿ ಸಿಕ್ಕಿತು: ನೀರಿನಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ. ಅದಕ್ಕೆ ‘ಲೀಜನೆಲ್ಲಾ’ ಎಂದು ಹೆಸರಿಟ್ಟರು. ಸತ್ತ ಸಿಪಾಯಿಗಳ ಹೆಸರು ರೋಗಾಣುವಿಗೆ ಅಂಟಿಕೊಂಡಿತು. ಎಂಥ ಸ್ಮಾರಕ!

ಅಂದು ಕೆಟ್ಟಿದ್ದು ಹೋಟೆಲಿನ ಗಾಳಿ, ಸಂಗಡಿಗನ ಉಸಿರಲ್ಲ. 2020ರಲ್ಲಿ ಸಂಗಡಿಗನ ಉಸಿರೇ ಭಯದ ವಸ್ತುವಾಯಿತು. ಲೂಯಿವಿಲ್‌ನಲ್ಲಿ ನಡೆಯಬೇಕಾಗಿದ್ದ ರಾಷ್ಟ್ರೀಯ ಸಮ್ಮೇಳನ ರದ್ದಾಯಿತು. ಇಸ್ಪೀಟು, ಊಟ, ಹರಟೆಗಳಿಂದ ತುಂಬಿರುತ್ತಿದ್ದ ಊರೂರ ಶಾಖೆಗಳಿಗೆ ಬೀಗ ಬಿತ್ತು. ಮ್ಯಾಸಚೂಸೆಟ್ಸಿನ ಹೋಲಿಯೋಕ್ ಸೈನಿಕ ನಿವಾಸವೊಂದರಲ್ಲೇ ಆ ವಸಂತದಲ್ಲಿ 70ಕ್ಕೂ ಹೆಚ್ಚು ವೃದ್ಧ ಸೈನಿಕರು ತೀರಿಕೊಂಡರು. ನವೆಂಬರ್ 11ರ ಮಾಜಿ ಸೈನಿಕರ ದಿನ, ಆಮೇಲೆ ಥ್ಯಾಂಕ್ಸ್‌ಗಿವಿಂಗ್, ಆಮೇಲೆ ಕ್ರಿಸ್ಮಸ್. ಮಕ್ಕಳು ಮೊಮ್ಮಕ್ಕಳು ಬರುವ ಕಾಲದಲ್ಲೇ ‘ಪ್ರಯಾಣ ಬೇಡ’ ಎಂದು ಸರ್ಕಾರದ ಆರೋಗ್ಯ ಇಲಾಖೆಯವರು ಹೇಳಬೇಕಾಯಿತು.

ಆಗ ಲೀಜನ್ನಿನವರಿಗೆ ಒದಗಿದ್ದು ಈ ‘ಬಡ್ಡಿ ಚೆಕ್’. ಸಂಘದ ನೂರನೆಯ ವರ್ಷದ ಹೊತ್ತಿಗೆ, ಒಂಟಿತನದಿಂದ ಕಂಗೆಟ್ಟು ಪ್ರಾಣ ಕಳೆದುಕೊಳ್ಳುವ ಮಾಜಿ ಸೈನಿಕರನ್ನು ನೆನೆದು ಅದನ್ನು ದೇಶವ್ಯಾಪಿ ಮಾಡಿದ್ದರು. ಸದಸ್ಯರ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆಯುವುದು. ಔಷಧಿ ಇದೆಯೇ, ದಿನಸಿ ಇದೆಯೇ ಎಂದು ಕೇಳುವುದು. ಇಲ್ಲವೆಂದರೆ ಬಾಗಿಲಲ್ಲಿ ಇಟ್ಟುಬರುವುದು.

ಇದರಲ್ಲಿ ದೊಡ್ಡದೇನಿದೆ ಎಂದು ಓದುಗರು ಕೇಳಬಹುದು. ನನಗೆ ತೋರುವುದು ಇಷ್ಟು. ದಾನ ಮಾಡುವವನು ಮೇಲೆ ನಿಲ್ಲುತ್ತಾನೆ, ಪಡೆಯುವವನು ಕೆಳಗೆ. ಸೈನಿಕನಾಗಿದ್ದವನು ಕೈಯೊಡ್ಡಲು ನಾಚುತ್ತಾನೆ. ಆದರೆ ಸಂಗಡಿಗ ಹೆಸರು ಹಿಡಿದು ಕರೆದರೆ, ಬೆಳಗಿನ ಹಾಜರಿಗೆ ನಿಂತವನಂತೆ ಓಗೊಡುತ್ತಾನೆ. ಅಲ್ಲಿ ಮೇಲು ಕೀಳಿಲ್ಲ. ಕರೆದವನೂ ಒಂಟಿಯೇ. ಪಕ್ಕದ ಮಂಚದವನಿಗೆ ಸಲ್ಲಬೇಕಾಗಿದ್ದ ಅಸಲನ್ನು ಹಿಂದಿರುಗಿಸಲು ಯಾರಿಂದಲೂ ಆಗಲಿಲ್ಲ. ಬದುಕಿರುವವರಿಗೆ ಅದರ ಬಡ್ಡಿಯನ್ನಾದರೂ ಕಟ್ಟಬಹುದು.

ಇದನ್ನೆಲ್ಲ ಓದಿ ಮುಗಿಸಿದ ಮೇಲೆ ಇನ್ನೊಂದು ಮಾತು ಹೊಳೆಯಿತು. ಆ ಶಿಷ್ಯ ಅಂದು ಸಮುದ್ರದಾಚೆಯಿಂದ ಕರೆದದ್ದು ಏತಕ್ಕೆ? ನನಗೂ ಬಡ್ಡಿ ಬಂದಿತ್ತು. ಅವನಿಗೆ ನಾನು ಕೊಟ್ಟಿದ್ದ ಅಸಲು ಯಾವುದೆಂಬುದು ಮಾತ್ರ ನನಗೆ ನೆನಪಾಗಲಿಲ್ಲ.