ಗರ್ಭಕೋಶದ ಆಚೆಗೆ ಎಂಡೊಮೆಟ್ರಿಯೋಸಿಸ್: ಮುಟ್ಟಿನ ದಿನಾಂಕವೇ ಮೊದಲ ಸುಳಿವು

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆಯೇ ಎಂಡೊಮೆಟ್ರಿಯೋಸಿಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರು ಮತ್ತು ಹುಡುಗಿಯರಲ್ಲಿ ಶೇ 10ರಷ್ಟು, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಮಂದಿ ಇದರಿಂದ ಬಳಲುತ್ತಿದ್ದಾರೆ.

ಸಾಮಾನ್ಯವಾಗಿ ಅಂಡಾಶಯ ಹಾಗೂ ಗರ್ಭಕೋಶದ ಸುತ್ತ ಕಾಣಿಸಿಕೊಳ್ಳುವ ಈ ಕಾಯಿಲೆ ಕೆಲವರಲ್ಲಿ ಕರುಳು, ಮೂತ್ರಾಂಗಗಳು, ಹೊಟ್ಟೆಯ ಗೋಡೆ, ಅಪರೂಪಕ್ಕೆ ಎದೆಗೂಡಿನಲ್ಲಿಯೂ ಬೇರೂರುತ್ತದೆ. ಅಂಥವರು ಮೊದಲು ಹೋಗುವುದು ಸ್ತ್ರೀರೋಗ ತಜ್ಞರಲ್ಲಿಗಲ್ಲ. ಹೊಟ್ಟೆ, ಮೂತ್ರಪಿಂಡ ಅಥವಾ ಎದೆರೋಗ ತಜ್ಞರಲ್ಲಿಗೆ. ಅಲ್ಲಿ ಮುಟ್ಟಿನ ವಿಚಾರ ಪ್ರಸ್ತಾಪವಾಗದೇ ಹೋದರೆ ರೋಗ ಪತ್ತೆ ವರ್ಷಗಟ್ಟಲೆ ತಡವಾಗಬಹುದು.

ಲಕ್ಷಣಗಳು

ಕರುಳು: ಗುದನಾಳ ಮತ್ತು ಅದಕ್ಕೆ ಹೊಂದಿಕೊಂಡ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಇದು ಹೆಚ್ಚು. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಯ ನೋವು, ಹೊಟ್ಟೆ ಉಬ್ಬರ, ಭೇದಿ ಅಥವಾ ಮಲಬದ್ಧತೆ ಕಾಣಿಸುತ್ತದೆ. ಗಂಟು ಕರುಳಿನ ಹೊರಗೋಡೆಯಿಂದ ಬೆಳೆಯುವುದರಿಂದ ಕೊಲೊನೊಸ್ಕೊಪಿಯಲ್ಲಿ ಏನೂ ಕಾಣದಿರಬಹುದು.

ಮೂತ್ರಾಂಗಗಳು: ಮೂತ್ರಕೋಶದಲ್ಲಿದ್ದರೆ ಉರಿ, ಪದೇಪದೇ ಮೂತ್ರ. ಪರೀಕ್ಷೆಯಲ್ಲಿ ಮಾತ್ರ ಸೋಂಕು ಇರುವುದಿಲ್ಲ. ಮೂತ್ರಪಿಂಡದಿಂದ ಮೂತ್ರ ಇಳಿಯುವ ನಾಳ ಬಿಗಿದುಕೊಂಡರೆ ಅಪಾಯ ಹೆಚ್ಚು. ನೋವೇ ಇಲ್ಲದೆ ಮೂತ್ರಪಿಂಡ ನಿಷ್ಕ್ರಿಯವಾಗಬಹುದು.

ಹೊಟ್ಟೆಯ ಗೋಡೆ: ಸಿಸೇರಿಯನ್ ಕಲೆಯ ಬಳಿಯ ಗಂಟು ತಿಂಗಳಿಗೊಮ್ಮೆ ಊದಿ ನೋಯುತ್ತದೆ. ಇದನ್ನು ಹರ್ನಿಯಾ ಎಂದು ತಪ್ಪಾಗಿ ಭಾವಿಸುವುದುಂಟು.

ಎದೆಗೂಡು: ಮುಟ್ಟು ಆರಂಭವಾದ 72 ಗಂಟೆಗಳ ಆಸುಪಾಸಿನಲ್ಲಿ ಎದೆನೋವು, ಉಸಿರಾಟದ ತೊಂದರೆ ಬಂದು ಶ್ವಾಸಕೋಶ ಕುಸಿಯಬಹುದು. ಹೆಚ್ಚಿನವರಲ್ಲಿ ಇದು ಬಲಭಾಗದಲ್ಲಿ ಸಂಭವಿಸುತ್ತದೆ. ಕೆಲವರಿಗೆ ಕೆಮ್ಮಿನಲ್ಲಿ ರಕ್ತ ಬರುತ್ತದೆ. ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ರಕ್ತ ಬಿದ್ದಾಗ ಮೊದಲು ಕಫ ಪರೀಕ್ಷೆ ಮಾಡಿಸುವುದು ಸರಿಯಾದ ಕ್ರಮವೇ. ಆದರೆ ವರದಿಗಳಲ್ಲಿ ಕ್ಷಯ ಕಾಣದೆ, ಮುಟ್ಟಿನ ದಿನಗಳಲ್ಲಷ್ಟೇ ರಕ್ತ ಮರುಕಳಿಸುತ್ತಿದ್ದರೆ ಎಂಡೊಮೆಟ್ರಿಯೋಸಿಸ್ ಸಾಧ್ಯತೆಯನ್ನು ಪರಿಶೀಲಿಸಬೇಕು.

ಪತ್ತೆ ಹೇಗೆ?

ತೊಂದರೆ ಮತ್ತು ಮುಟ್ಟಿನ ದಿನಾಂಕಗಳನ್ನು ಮೂರು ತಿಂಗಳು ಬರೆದಿಟ್ಟರೆ ವೈದ್ಯರಿಗೆ ದಾರಿ ಸಿಗುತ್ತದೆ. ಆದರೆ ಹಳೆಯ ಕಾಯಿಲೆಯಲ್ಲಿ ನೋವು ತಿಂಗಳಿಡೀ ಇರಬಹುದಾದ್ದರಿಂದ, ದಿನಾಂಕ ತಾಳೆಯಾಗಲಿಲ್ಲವೆಂದು ರೋಗವನ್ನು ತಳ್ಳಿಹಾಕುವಂತಿಲ್ಲ.

ಕರುಳು, ಮೂತ್ರಕೋಶಗಳಿಗೆ ಯೋನಿಮಾರ್ಗದ ಅಲ್ಟ್ರಾಸೌಂಡ್ ಹಾಗೂ ಎಂಆರ್‌ಐ ನೆರವಾಗುತ್ತವೆ. ಜೊತೆಗೆ ಮೂತ್ರಪಿಂಡಗಳ ಸ್ಕ್ಯಾನ್ ಅಗತ್ಯ. ಎದೆಯ ಸಿಟಿ ಸ್ಕ್ಯಾನ್ ಮುಟ್ಟಿನ ದಿನಗಳಲ್ಲಿ ಮಾಡಿಸಿದರೆ ಹೆಚ್ಚು ಉಪಯುಕ್ತ. ಸಿಎ-125 ರಕ್ತಪರೀಕ್ಷೆಯೊಂದರಿಂದಲೇ ನಿರ್ಧಾರಕ್ಕೆ ಬರಲಾಗದು. ಹಿಂದೆ ಲ್ಯಾಪರೊಸ್ಕೊಪಿಯೇ ಅಂತಿಮ ಪರೀಕ್ಷೆ ಎನಿಸಿತ್ತು. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘಟನೆಯಾದ ಇಎಸ್‌ಎಚ್‌ಆರ್‌ಇ 2022ರ ಮಾರ್ಗಸೂಚಿಯಲ್ಲಿ ಈ ನಿಲುವನ್ನು ಬದಲಿಸಿತು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದಾಗ ಅಥವಾ ಔಷಧ ಫಲಿಸದಿದ್ದಾಗ ಮಾತ್ರ ಅದನ್ನು ಪರಿಗಣಿಸಬಹುದೆಂಬುದು ಅದರ ಸಲಹೆ.

ಚಿಕಿತ್ಸೆ

ಡೈನೊಜೆಸ್ಟ್‌ನಂಥ ಪ್ರೊಜೆಸ್ಟೊಜೆನ್ ಮಾತ್ರೆ, ಗರ್ಭನಿರೋಧಕ ಮಾತ್ರೆ, ಜಿಎನ್‌ಆರ್‌ಎಚ್ ವರ್ಗದ ಔಷಧಗಳು ಕಾಯಿಲೆಯನ್ನು ಹತೋಟಿಯಲ್ಲಿಡುತ್ತವೆಯೇ ಹೊರತು ಬೇರುಸಹಿತ ಕೀಳುವುದಿಲ್ಲ. ನಿಲ್ಲಿಸಿದರೆ ಲಕ್ಷಣಗಳು ಮರಳಬಹುದು. ಗರ್ಭ ಧರಿಸಲು ಪ್ರಯತ್ನಿಸುತ್ತಿರುವವರಿಗೆ ಇವು ಸೂಕ್ತವಲ್ಲ.

ಕಲೆಯ ಗಂಟನ್ನು ಸುತ್ತಲಿನ ಅಂಚಿನ ಸಮೇತ ಕತ್ತರಿಸಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಕರುಳಿನ ಗಂಟನ್ನು ಆಳಕ್ಕೆ ಅನುಗುಣವಾಗಿ ಹೆರೆದು ತೆಗೆಯಲಾಗುತ್ತದೆ ಅಥವಾ ಆ ಭಾಗವನ್ನೇ ಕತ್ತರಿಸಿ ಜೋಡಿಸಲಾಗುತ್ತದೆ. ಮೂತ್ರನಾಳದ ತಡೆಯನ್ನು ಮಾತ್ರೆ ನೆಚ್ಚಿಕೊಂಡು ಮುಂದೂಡುವಂತಿಲ್ಲ, ಶೀಘ್ರ ನಿವಾರಿಸಬೇಕು. ಶ್ವಾಸಕೋಶ ಕುಸಿದವರಿಗೆ ಎದೆಯೊಳಗೆ ಕೊಳವೆ ಇಟ್ಟು ಗಾಳಿ ಹೊರತೆಗೆದ ನಂತರ, ಕ್ಯಾಮೆರಾ ನೆರವಿನ ಶಸ್ತ್ರಚಿಕಿತ್ಸೆಯಿಂದ ವಪೆಯ ರಂಧ್ರಗಳನ್ನು ಮುಚ್ಚಲಾಗುತ್ತದೆ. ಬಳಿಕ ಹಾರ್ಮೋನ್ ಔಷಧ ನೀಡಿದರೆ ಮರುಕಳಿಸುವ ಸಂಭವ ತಗ್ಗುತ್ತದೆ.

ಇಂಥ ಸಂಕೀರ್ಣ ಶಸ್ತ್ರಚಿಕಿತ್ಸೆಗಳಿಗೆ ಸ್ತ್ರೀರೋಗ ತಜ್ಞರ ಜೊತೆಗೆ ಆಯಾ ಅಂಗದ ಶಸ್ತ್ರಚಿಕಿತ್ಸಕರೂ ಇರುವ ಆಸ್ಪತ್ರೆಯೇ ಸೂಕ್ತ. ಯಾವ ವೈದ್ಯರ ಬಳಿ ಹೋದರೂ ಮುಟ್ಟಿನ ವಿಷಯವನ್ನು ಸಂಕೋಚವಿಲ್ಲದೆ ತಿಳಿಸಿದರೆ, ಅನಗತ್ಯ ಪರೀಕ್ಷೆಗಳೂ ವ್ಯರ್ಥ ಔಷಧೋಪಚಾರವೂ ತಪ್ಪಬಹುದು.