ಅಪಲೇಚಿಯದ ಬೆಟ್ಟಿಗರ ಚರಿತ್ರೆಯೂ ಕ್ರಾಟಿಸ್ ವಿಲಿಯಮ್ಸ್ ಅವರ ಕಾಗದಪತ್ರಗಳೂ

ಅರಸರ ಚರಿತ್ರೆಗೆ ಶಿಲಾಶಾಸನಗಳೂ ತಾಮ್ರಪಟಗಳೂ ಆಧಾರವಾಗಿರುವುವು. ಬೆಟ್ಟದ ಕಣಿವೆಗಳಲ್ಲಿ ಉತ್ತು ಬಿತ್ತು ಬಾಳಿದ ಸಾಮಾನ್ಯ ಜನರಿಗಾದರೋ ಅಂತಹ ಸಾಧನಗಳಿಲ್ಲ. ಅವರ ಚರಿತ್ರೆಯು ಮುದುಕಿಯರ ಹಾಡಿನಲ್ಲಿಯೂ ಹಿರಿಯರ ಮಾತಿನಲ್ಲಿಯೂ ಅಡಗಿರುವುದು. ಅದನ್ನು ಸಕಾಲದಲ್ಲಿ ಬರೆದಿಡುವವರಿಲ್ಲದಿದ್ದರೆ ಪರರು ಬರೆದುದೇ ಪ್ರಮಾಣವಾಗಿ ನಿಲ್ಲುವುದು. ಅಮೆರಿಕಾ ಸಂಯುಕ್ತ ಸಂಸ್ಥಾನದ ಅಪಲೇಚಿಯನ್ ಪರ್ವತಪ್ರಾಂತದ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಈ ಪರ್ವತಗಳ ದಕ್ಷಿಣಭಾಗವು ಮೊದಲು ಚೆರೋಕೀ ಮೊದಲಾದ ಮೂಲನಿವಾಸಿಗಳ ನೆಲೆಯಾಗಿದ್ದಿತು. 18ನೆಯ ಶತಮಾನದಲ್ಲಿ ಅಲ್‌ಸ್ಟರಿನ ಸ್ಕಾಟರೂ ಇಂಗ್ಲಿಷರೂ ಜರ್ಮನರೂ ಬಂದು ಕಣಿವೆಗಳಲ್ಲಿ ಒಕ್ಕಲಾದರು. 1838ರಲ್ಲಿ ಸರ್ಕಾರವು ಚೆರೋಕೀಯರಲ್ಲಿ ಬಹುಮಂದಿಯನ್ನು ಬಲಾತ್ಕಾರದಿಂದ ಪಶ್ಚಿಮಕ್ಕೆ ಸಾಗಿಸಿತು. ಅಂತರ್ಯುದ್ಧವು 1865ರಲ್ಲಿ ಮುಗಿದ ತರುವಾಯ ಪತ್ರಿಕೆಗಳ ಕಥೆಗಾರರು ಬೆಟ್ಟಿಗರನ್ನು ವಿಚಿತ್ರಜನರೆಂದು ವರ್ಣಿಸತೊಡಗಿದರು. ಮೇರಿ ಮರ್ಫ್ರೀ ಎಂಬಾಕೆ ಪುರುಷನಾಮದಿಂದ ಬರೆದ ಬೆಟ್ಟದ ಕಥೆಗಳು 1884ರಲ್ಲಿ ಗ್ರಂಥರೂಪವಾಗಿ ಬಂದು ಹೆಸರುಗೊಂಡವು. 1899ರಲ್ಲಿ ಬೆರಿಯಾ ಕಾಲೇಜಿನ ಅಧ್ಯಕ್ಷರಾದ ವಿಲಿಯಂ ಫ್ರಾಸ್ಟ್ ಎಂಬವರು ಈ ಜನರನ್ನು "ಸಮಕಾಲೀನ ಪೂರ್ವಜರು" ಎಂದು ಕರೆದರು. ಅವರ ಉದ್ದೇಶವು ಸಹಾನುಭೂತಿಯುಳ್ಳುದೇ ಆಗಿದ್ದರೂ, ಕಾಲವು ಈ ಬೆಟ್ಟಗಳಲ್ಲಿ ನಿಂತುಹೋಗಿದೆಯೆಂಬ ಭ್ರಾಂತಿಯು ಅದರಿಂದ ಬಲವಾಯಿತು.

ಇಂತಹ ಪ್ರಾಂತದಲ್ಲಿಯೇ, ಕೆಂಟಕಿ ಸಂಸ್ಥಾನದ ಲಾರೆನ್ಸ್ ಕೌಂಟಿಯಲ್ಲಿ, ಕ್ರಾಟಿಸ್ ವಿಲಿಯಮ್ಸ್ ಅವರು 1911ರಲ್ಲಿ ಜನಿಸಿದರು. ಮನೆಯವರ ಬಾಯಿಂದ ಕೇಳಿದ ಹಾಡುಗಳನ್ನು ಅವರು ತೊರೆಯಲಿಲ್ಲ. ಪೂರ್ವ ಕೆಂಟಕಿಯ ಹಾಡುಗಳನ್ನೇ ವಿಷಯವಾಗಿಟ್ಟುಕೊಂಡು 1937ರಲ್ಲಿ ಎಂ.ಎ. ಪ್ರಬಂಧವನ್ನು ರಚಿಸಿದರು. 1942ರಲ್ಲಿ ಉತ್ತರ ಕೆರೊಲೈನಾದ ಬೂನ್ ಪಟ್ಟಣಕ್ಕೆ ಅಧ್ಯಾಪಕರಾಗಿ ಬಂದು, 1976ರಲ್ಲಿ ನಿವೃತ್ತರಾಗುವ ವರೆಗೂ ಅಲ್ಲಿಯ ವಿದ್ಯಾಸಂಸ್ಥೆಯಲ್ಲಿಯೇ ಸೇವೆ ಸಲ್ಲಿಸಿದರು.

1961ರಲ್ಲಿ ಅವರು ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಅರ್ಪಿಸಿದ ಪ್ರಬಂಧವು 1,600ಕ್ಕೂ ಮಿಕ್ಕ ಪುಟಗಳುಳ್ಳುದು. ದಕ್ಷಿಣದ ಬೆಟ್ಟಿಗನು ವಾಸ್ತವದಲ್ಲಿ ಹೇಗಿರುವನು, ಕಥೆಗಳಲ್ಲಿ ಹೇಗೆ ಚಿತ್ರಿತನಾಗಿರುವನು ಎಂಬುದೇ ಅದರ ವಿಚಾರ. ಬೆಟ್ಟದ ಜನರೆಲ್ಲ ಒಂದೇ ಬಗೆಯವರಲ್ಲವೆಂದು ಅವರು ತೋರಿಸಿದರು. ಪಟ್ಟಣಗಳಲ್ಲಿ ವಾಸಿಸುವವರು, ಕಣಿವೆಯ ಹಸನಾದ ಭೂಮಿಯ ಬೇಸಾಯಗಾರರು, ಹಳ್ಳಗಳ ಉಗಮದ ಬಳಿ ಬಡತನದಿಂದ ಬಾಳುವವರು ಎಂದು ಮೂರು ವರ್ಗಗಳನ್ನು ವಿಂಗಡಿಸಿದರು. ಕಥೆಗಾರರು ಈ ಮೂರನೆಯವರನ್ನೇ ಹೆಚ್ಚಾಗಿ ಚಿತ್ರಿಸಿದುದರಿಂದ, ಒಂದು ಭಾಗದ ಚಿತ್ರವೇ ಇಡಿಯ ನಾಡಿನ ಚಿತ್ರವೆಂದು ಲೋಕವು ನಂಬಿತು. ಬಡವರಾದ ಆ ಮೂರನೆಯವರ ವಿಷಯದಲ್ಲಿಯೂ ಅವರು ತಾತ್ಸಾರವನ್ನು ತೋರಲಿಲ್ಲ. ತಿದ್ದಬೇಕಾದ ದೋಷವೆಂದು ಎಣಿಸಲ್ಪಡುತ್ತಿದ್ದ ಬೆಟ್ಟದ ಆಡುಮಾತನ್ನು ಕುರಿತು ಲೇಖನಗಳನ್ನು ಬರೆದು, ಅದರ ಲಯವನ್ನೂ ಸೊಬಗನ್ನೂ ವಿವರಿಸಿದರು.

ಅವರು 1985ರಲ್ಲಿ ದಿವಂಗತರಾದರು. ಅವರ ಪತ್ರವ್ಯವಹಾರ, ಉಪನ್ಯಾಸ, ಹಾಡುಗಳ ಸಂಗ್ರಹ ಮೊದಲಾದ ಕಾಗದಪತ್ರಗಳು ಬೂನಿನ ಅಪಲೇಚಿಯನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸುರಕ್ಷಿತವಾಗಿವೆ. ಪರ್ವತಪ್ರಾಂತದ ಸಾಹಿತ್ಯಕ್ಕಾಗಿಯೇ ಅಲ್ಲಿ 1968ರಲ್ಲಿ ಒಂದು ಪ್ರತ್ಯೇಕ ಗ್ರಂಥಭಂಡಾರವು ಸ್ಥಾಪಿತವಾಗಿದ್ದಿತು.

ಅಚ್ಚಾದ ಗ್ರಂಥವು ವಿದ್ವಾಂಸನ ನಿರ್ಣಯವನ್ನು ಮಾತ್ರ ತಿಳಿಸುವುದು. ಅವನ ಕಾಗದಪತ್ರಗಳಾದರೋ ಆ ನಿರ್ಣಯಕ್ಕೆ ಅವನು ನಡೆದು ಬಂದ ದಾರಿಯನ್ನು ತೋರಿಸುವುವು. ಮುಂದಿನವರು ಅವನನ್ನು ಒಪ್ಪಲೂಬಹುದು, ಆಧಾರಸಹಿತವಾಗಿ ತಿದ್ದಲೂಬಹುದು. ಮನೆಯ ಮಕ್ಕಳೇ ಮನೆಯ ಮಾತನ್ನು ಕೇಳಿ, ಪರೀಕ್ಷಿಸಿ, ಬರೆದು, ಎಲ್ಲರಿಗೂ ದೊರೆಯುವ ಸ್ಥಳದಲ್ಲಿಟ್ಟರೆ ಪರರ ಕಥೆಯು ಚರಿತ್ರೆಯ ಪೀಠವನ್ನೇರಲಾರದು. ಹಿರಿಯರು ಬದುಕಿರುವಾಗಲೇ ಈ ಕಾರ್ಯವು ನಡೆಯಬೇಕು; ಅವರೊಡನೆ ಹೋದ ಮಾತನ್ನು ಮರಳಿ ತರುವ ಉಪಾಯವಿಲ್ಲ.